ಹೆಣ್ಣುಮಕ್ಕಳ ಪಾಲಿನ ಉಪ್ಪು

ಚಿಕ್ಕಪ್ಪನ ಮಗಳು ತೂದಾಳಿಗೆ, ಬೆಟ್ಟದಿಂದ ಇಳಿದು ಬಂದಿರುವ ಅಸ್ಸುವಿನ ಸಲಾಮು.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಎದ್ದು ಒಲೆಯ ಹತ್ತಿರ ಹೋಗು. ಅಲ್ಲಿ ನಾನು ಕಳಿಸಿದ ಉಪ್ಪಿನ ಮಡಕೆ ಇರುತ್ತದೆ. ಅದನ್ನು ಎತ್ತಿ ಅಡುಗೆಮನೆಯಿಂದ ಹೊರಗಿಡು. ಒಲೆಯ ಮೇಲೆ ಏನಾದರೂ ಬೇಯುತ್ತಿದ್ದು ಅದಕ್ಕೆ ಆಗಲೇ ಉಪ್ಪು ಬಿದ್ದಿದ್ದರೆ ಅದೊಂದು ಹೊತ್ತಿನದು ಇರಲಿ, ಹೋಗಲಿ. ಇನ್ನು ಮುಂದೆ ಆ ಮಡಕೆಗೆ ಕೈ ಹಾಕಬೇಡ. ಇಟ್ಟು ಬಂದೆಯಾ? ಈಗ ಕೂತುಕೊಂಡು ಕೇಳು.

ನಿನಗೆ ಓದಲು ಬರುವುದಿಲ್ಲವೆಂದು ನನಗೆ ಗೊತ್ತು. ಈ ಕಾಗದವನ್ನು ನಿನ್ನ ಗಂಡನ ಕೈಗೇ ಕೊಡುತ್ತೇನೆ. ಅವನ ಹೊಲಿಗೆ ಅಂಗಡಿಯ ಎದುರಿನ ಚಹಾದಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಮೂರು ಲೋಟ ಪುದೀನ ಚಹಾ ಮುಂದೆ ಆರುತ್ತಿದೆ, ಒಂದನ್ನೂ ಕುಡಿಯಲಾಗಲಿಲ್ಲ. ಅವನು ಒಳಗೆ ಕೂತು ಯಾರದೋ ನಿಲುವಂಗಿಗೆ ಅಂಚು ಹಾಕುತ್ತಿದ್ದಾನೆ. ಒಳ್ಳೆಯ ಮನುಷ್ಯನಂತೆ ಕಾಣುತ್ತಾನೆ. ತಮ್ಮಾ ಸ್ಲಿಮಾನ್, ಇದು ನಿನಗೆ: ನಿನ್ನ ಹೆಂಡತಿಗೆ ಅವಳ ಹಳೆಯ ಗಂಡ ಬರೆದ ಕಾಗದವಿದು ಎಂದು ಸಿಟ್ಟಾದರೂ ಸರಿ, ಹರಿಯಬೇಡ. ಮೊದಲಿನಿಂದ ಕೊನೆಯವರೆಗೆ ಒಂದು ಮಾತೂ ಬಿಡದೆ ಅವಳಿಗೆ ಓದಿ ಹೇಳು. ಆಮೇಲೆ ಬಂದು ನನಗೆ ಎರಡು ಬಿಟ್ಟರೂ ನಾನು ಕೈ ಎತ್ತುವುದಿಲ್ಲ.

ತೂದಾ, ಹೋದ ವಾರ ವ್ಯಾನಿನ ಮೊಹಾ ನಮ್ಮೂರಿಗೆ ಬಂದಿದ್ದ. ಗಾಡಿಯಿಂದ ಇಳಿಯುವ ಮೊದಲೇ ಕೂಗಿದ, "ಅಸ್ಸು ಭಾವಾ, ನಿನ್ನ ಚಿಕ್ಕಪ್ಪನ ಮಗಳು ಹೇಳಿ ಕಳಿಸಿದಾಳೆ, ಉಪ್ಪು ಮುಗೀತಾ ಬಂತಂತೆ. ಈ ಸಲ ಇಬ್ಬರಿಗಾಗೋವಷ್ಟು ಕಳಿಸು ಅಂದ್ಳು!" ಇಬ್ಬರಿಗೆ ಎಂದರೇನೋ ಎಂದು ಕೇಳಿದೆ. ಅವನು ಕಣ್ಣು ಮಿಟುಕಿಸಿ ಹೊಟ್ಟೆಯ ಮುಂದೆ ಕೈಯಿಂದ ಗುಡ್ಡ ಮಾಡಿ ತೋರಿಸಿದ. "ಏನು ಸಂತೋಷ ಅಂತೀಯ ಅವಳಿಗೆ! ಈ ಸಲ ಹೊರಗಿನ ರಕ್ತ ಸೇರಿದೆ, ಈ ಮಗು ಚೆನ್ನಾಗಿರುತ್ತೆ, ಹೆದರಿಕೆ ಇಲ್ಲ ಅಂತ ನಗ್ತಾ ಇದ್ಳು." ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಮೊಹಾ ನನಗೆ ಹೊಟ್ಟೆಕಿಚ್ಚು ಎಂದುಕೊಂಡನೇನೋ, ಬೇಗ ಬೇಗ ಮೂಟೆಗಳನ್ನು ಇಳಿಸಿ ಹೊರಟುಹೋದ.

ನೀನು ನಗುತ್ತಿದ್ದೆಯಂತೆ. ನಿನ್ನ ನಗು ಕೇಳಿ ಒಂಬತ್ತು ವರ್ಷವಾಯಿತು, ಅದನ್ನು ಕೆಡಿಸಲು ನಾನೇ ಬರಬೇಕಾಯಿತು ನೋಡು.

ಹೇಳಿಬಿಡುತ್ತೇನೆ. ನಮ್ಮ ಮಗಳು ಇಝ್ಝಾ ಹಾಗೆ ಹುಟ್ಟಿದ್ದು ನಿನ್ನ ರಕ್ತದಿಂದಲ್ಲ. ನನ್ನ ನಿನ್ನ ರಕ್ತ ಒಂದೇ ಮನೆಯದಾಗಿದ್ದರಿಂದಲೂ ಅಲ್ಲ. ಅದಕ್ಕೆ ಕಾರಣ ನಮ್ಮ ಉಪ್ಪು. ನಮ್ಮ ಅಜ್ಜ ಮುತ್ತಜ್ಜಂದಿರ ಊಟೆಯಲ್ಲಿ ಚಿಮ್ಮುವ ಉಪ್ಪುನೀರನ್ನು ನಾನು ಕೈಯಾರೆ ಪಾತಿಗೆ ಹರಿಸಿ, ಬಿಸಿಲಿಗೆ ಒಣಗಿಸಿ, ಹಲಗೆಯಲ್ಲಿ ಕೆರೆದು, ನಿನ್ನ ಅಡುಗೆಗೆ ತಂದುಕೊಟ್ಟ ಆ ಬೆಳ್ಳನೆಯ ಉಪ್ಪು.

ನೀನು ಈಗ ತಲೆ ಅಲ್ಲಾಡಿಸುತ್ತಿರುವೆ, ನನಗೆ ಕಾಣುತ್ತಿದೆ. ನಾನೂ ಹಾಗೇ ಅಲ್ಲಾಡಿಸಿದವನು.

ಇಝ್ಝಾ ಹುಟ್ಟಿದಾಗ ನೆನಪಿದೆಯೇ? ಅಳುತ್ತಲೇ ಇರಲಿಲ್ಲ. ನೀನು ಎಬ್ಬಿಸಿ ಎಬ್ಬಿಸಿ ಹಾಲು ಕುಡಿಸುತ್ತಿದ್ದೆ. ನಮ್ಮವ್ವ ಊರಿಗೆಲ್ಲ ಹೇಳಿಕೊಂಡು ಬಂದಳು, "ಎಂಥಾ ಸಾಧು ಮಗು ಕಣ್ರೇ, ಇದೆಯೋ ಇಲ್ವೋ ಅನ್ನೋದೇ ಗೊತ್ತಾಗಲ್ಲ." ನಾವು ಹೆಮ್ಮೆಪಟ್ಟೆವು. ಒಂದು ವರ್ಷಕ್ಕೆ ಕೂರಲಿಲ್ಲ. ಎರಡು ವರ್ಷಕ್ಕೆ ನಿಲ್ಲಲಿಲ್ಲ. ನಾಲಿಗೆ ಬಾಯಿಯಲ್ಲಿ ಹಿಡಿಸದೆ ಹೊರಗೆ ಬರುತ್ತಿತ್ತು, ಮೈ ಸದಾ ತಣ್ಣಗೆ. ನೀನು ಬೆನ್ನಿಗೆ ಕಟ್ಟಿಕೊಂಡು ಎಷ್ಟು ಸಂತರ ಗೋರಿಗೆ ನಡೆದೆ, ಎಷ್ಟು ತಾಯಿತ ಕಟ್ಟಿಸಿದೆ! ಕೊನೆಗೆ ಸಂತೆ ಪೇಟೆಗೆ ಬಂದಿದ್ದ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವನು ಮಗುವಿನ ಮುಖವನ್ನೂ ಸರಿಯಾಗಿ ನೋಡಲಿಲ್ಲ. "ಗಂಡ ಹೆಂಡತಿ ಸಂಬಂಧಿಕರಾ?" ಎಂದ. ಹೌದು, ಚಿಕ್ಕಪ್ಪನ ಮಗಳು ಎಂದೆ. "ಮತ್ತಿನ್ನೇನು! ರಕ್ತದ ದೋಷ. ಮುಂದಿನವರು ಬನ್ನಿ." ಅಷ್ಟೇ. ಒಂದು ಸಿಗರೇಟು ಹಚ್ಚುವಷ್ಟು ಹೊತ್ತೂ ಆಗಲಿಲ್ಲ.

ಆ ಒಂದು ಮಾತನ್ನು ನಮ್ಮವ್ವ ಮನೆಗೆ ತಂದು ಒಲೆಯಲ್ಲಿಟ್ಟು ಉರಿಸಿದಳು. ರಕ್ತದ ದೋಷವೆಂದರೆ ಇಬ್ಬರದೂ ಆಗಬೇಕಲ್ಲ, ಒಂದೇ ಅಜ್ಜನ ಮೊಮ್ಮಕ್ಕಳು ನಾವು. ಆದರೆ ಅದು ಹೇಗೋ ನಿನ್ನೊಬ್ಬಳ ತಲೆಗೇ ಬಂತು. "ಅವರಮ್ಮನ ಕಡೆಯಿಂದ ಬಂದಿದ್ದು ಅದು, ನಮ್ಮ ಕಡೆಯಲ್ಲಿ ಯಾರಿದಾರೆ ಹಾಗೆ?" ಎಂದಳು ಅವ್ವ. ಅವ್ವನ ಸ್ವಂತ ತಮ್ಮ ಆಗ ಜಗಲಿಯ ಮೂಲೆಯಲ್ಲಿ ಕೂತು ಜೊಲ್ಲು ಸುರಿಸುತ್ತ ನೊಣ ಎಣಿಸುತ್ತಿದ್ದ. ಯಾರೂ ಅವನತ್ತ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ. ಇಝ್ಝಾಗೆ ನಾಲ್ಕು ತುಂಬಿದ ಬೇಸಿಗೆಯಲ್ಲಿ ಕಾಜಿಯ ಮುಂದೆ ತಲಾಕಿನ ಮೂರು ಸಾಲು ಬರೆಸಿ ನಿನ್ನನ್ನು ನಿನ್ನ ಅಣ್ಣನ ಮನೆಗೆ ಕಳಿಸಿದೆ. ನೀನು ಬಾಗಿಲಲ್ಲಿ ಮಗಳನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತ ಒಂದೇ ಮಾತು ಕೇಳಿದೆ, "ನನ್ನ ರಕ್ತ ಕೆಟ್ಟದ್ದು ಅಂತ ನೀನೂ ನಂಬ್ತೀಯಾ?" ನಾನು ಪಾತಿಯಲ್ಲಿ ಕೆಲಸವಿದೆ ಎಂದು ಎದ್ದು ಹೋದೆ. ನಂಬಿದ್ದೆ, ತೂದಾ. ನಂಬದಿದ್ದರೆ ನಾನು ಕೆಟ್ಟವನಾಗಬೇಕಾಗಿತ್ತಲ್ಲ, ಅದಕ್ಕೇ ನಂಬಿದ್ದೆ.

ಹೊರಗಿನ ರಕ್ತ ಬೇಕೆಂದು ನಾನು ಬಯಲು ಸೀಮೆಯಿಂದ ಯಾಮ್ನಾಳನ್ನು ತಂದೆ. ನಮಗೂ ಅವಳಿಗೂ ಏಳು ತಲೆಮಾರಿನಲ್ಲಿ ನಂಟಿಲ್ಲ. ಎರಡು ವರ್ಷ ನಮ್ಮ ಉಪ್ಪು ತಿಂದಳು. ಹಮ್ಮು ಹುಟ್ಟಿದ. ಅವನೂ ಅಳಲಿಲ್ಲ. ಎಬ್ಬಿಸಿ ಎಬ್ಬಿಸಿ ಹಾಲು ಕುಡಿಸಬೇಕಾಯಿತು. ಅವ್ವ ಮತ್ತೆ "ಎಂಥಾ ಸಾಧು ಮಗು" ಎಂದಾಗ ನಾನು ಮಗುವಿನ ಮೈ ಮುಟ್ಟಿ ನೋಡಿದೆ, ತಣ್ಣಗಿತ್ತು.

ಆದರೆ ಯಾಮ್ನಾ ನಿನ್ನಂತೆ ಗೋರಿಗಳನ್ನು ಸುತ್ತಲಿಲ್ಲ. ಈ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ನನಗೂ ಹೇಳದೆ, ಹೇಸರಗತ್ತೆ ಹತ್ತಿ ಮಗುವನ್ನು ಕೆಳಗಿನ ಆಸ್ಪತ್ರೆಗೆ ಒಯ್ದಳು. ನಾನು ಬೈಯುತ್ತ ಹಿಂದೆಯೇ ಓಡಿದೆ. ಅಲ್ಲಿ ಕೌತರ್ ಎಂಬ ನರ್ಸ್ ಇದ್ದಾಳೆ. ಅವಳನ್ನು ಕಂಡೊಡನೆ ನಾನು ಯಾಮ್ನಾಳ ಹಿಂದೆ ಸರಿದೆ. ನಾಲ್ಕು ವರ್ಷದ ಹಿಂದೆ ಸರ್ಕಾರದ ಜೀಪಿನಲ್ಲಿ ಉಪ್ಪಿನ ಪೊಟ್ಟಣ ಹೇರಿಕೊಂಡು ನಮ್ಮೂರಿಗೆ ಬಂದಿದ್ದವಳು ಇವಳೇ.

ಆ ಕಥೆ ನೀನು ಕೇಳಿರಬಹುದು, ನಿನ್ನ ಅಣ್ಣನೂ ಅಂದು ಸಭೆಯಲ್ಲಿದ್ದ. ಇಡೀ ಊರು ಮಸೀದಿಯ ಮುಂದೆ ಸೇರಿತ್ತು. ಇದರಲ್ಲಿ ಅಯೋಡಿನ್ ಅಂತ ಒಂದು ವಸ್ತು ಬೆರೆಸಿದೆ, ಬಸುರಿಯರು ತಿನ್ನಬೇಕು, ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಬೇಕು ಎಂದು ಅವಳು ಶುರು ಮಾಡಿದಳು. ನಾನು ಎದ್ದು ನಿಂತು ಕೂಗಿದೆ, "ಉಪ್ಪಿನ ಊರಿಗೆ ಉಪ್ಪು ಮಾರೋಕೆ ಬಂದಿದಾಳೆ ನೋಡ್ರಪ್ಪೋ!" ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು, "ಮಾರೋಕಲ್ಲ ಅಣ್ಣ, ಪುಕ್ಕಟೆ ಕೊಡೋಕೆ" ಎಂದಳು. ನಾನು ಬಿಡಲಿಲ್ಲ. "ಪುಕ್ಕಟೆ ಕೊಡೋದ್ರಲ್ಲಿ ಏನೋ ಇರುತ್ತೆ. ಇದು ಮಕ್ಕಳಾಗದ ಹಾಗೆ ಮಾಡೋ ಮದ್ದು, ನಮ್ಮ ಸಂತಾನ ನಿಲ್ಲಿಸೋಕೆ ಬಂದಿದಾರೆ!" ಎಲ್ಲಿಂದ ಬಂತೋ ಆ ಮಾತು, ಯಾರೂ ನನಗೆ ಹೇಳಿರಲಿಲ್ಲ. ನಗಿಸುವ ಹುರುಪಿನಲ್ಲಿ ಬಾಯಿಗೆ ಬಂದದ್ದನ್ನು ಆಡಿದೆ. ಹೆಂಗಸರು ಹೌಹಾರಿ ಪೊಟ್ಟಣಗಳನ್ನೆಲ್ಲ ಹೊಳೆಗೆ ಎಸೆದರು. ಆ ಜೀಪು ಮತ್ತೆ ಬರಲೇ ಇಲ್ಲ. ಅಂದು ನಾನು ಹೀರೋ.

ಕೌತರ್ ಅದನ್ನು ಎತ್ತಿ ಆಡಲಿಲ್ಲ. ಹಮ್ಮುವನ್ನು ಮುಟ್ಟಿ ನೋಡಿದಳು, ಯಾಮ್ನಾಳ ಕುತ್ತಿಗೆ ಮುಟ್ಟಿ ನೋಡಿದಳು. "ಮನೇಲಿ ಯಾವ ಉಪ್ಪು?" ಎಂದಳು. ಯಾಮ್ನಾ ಬುತ್ತಿಯ ಜೊತೆ ತಂದಿದ್ದ ಉಪ್ಪಿನ ಗಂಟು ಬಿಚ್ಚಿದಳು. ಕೌತರ್ ಎರಡು ತಟ್ಟೆ ತಂದು, ಒಂದರಲ್ಲಿ ಅಂಗಡಿ ಉಪ್ಪು, ಇನ್ನೊಂದರಲ್ಲಿ ನಮ್ಮದು ಹಾಕಿದಳು. ಒಂದು ಸಣ್ಣ ಸೀಸೆಯಿಂದ ಅಂಗಡಿ ಉಪ್ಪಿನ ಮೇಲೆ ಒಂದು ಹನಿ ಬಿಟ್ಟಳು. ಅದು ನೋಡನೋಡುತ್ತ ನೀಲಿಯಾಯಿತು, ನೇರಳೆಯಂಥ ನೀಲಿ. ನಮ್ಮದರ ಮೇಲೆ ಬಿಟ್ಟಳು. ಬೆಳ್ಳಗೇ ಉಳಿಯಿತು. ಇನ್ನೊಂದು ಹನಿ ಬಿಡಿ ಎಂದೆ. ಬಿಟ್ಟಳು. ಬೆಳ್ಳಗೇ ಇತ್ತು. ಸೀಸೆ ನನ್ನ ಕೈಗೇ ಕೊಟ್ಟಳು. ನಾನು ಅರ್ಧ ಸೀಸೆ ಸುರಿದೆ, ತೂದಾ. ನಮ್ಮಪ್ಪ ಅಂಗೈಯಲ್ಲಿ ಹಿಡಿದು "ಇಷ್ಟು ಬಿಳಿ ಉಪ್ಪು ಈ ಬೆಟ್ಟದಲ್ಲಿ ಇನ್ನೆಲ್ಲಿದೆ ತೋರಿಸಿ" ಎಂದು ಸವಾಲು ಹಾಕುತ್ತಿದ್ದ ಅದೇ ಬಿಳುಪು.

ನಾನು ಜಗಳಕ್ಕೇ ನಿಂತೆ. ಮೊದಲ ಹೆಂಡತಿ ಚಿಕ್ಕಪ್ಪನ ಮಗಳು, ಡಾಕ್ಟರು ರಕ್ತ ಅಂದಿದ್ದಾರೆ ಎಂದೆ. ಅವಳು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ. "ಅಣ್ಣ, ರಕ್ತದಿಂದ ಬರೋದೂ ಇದೆ, ಇಲ್ಲ ಅನ್ನಲ್ಲ. ಒಂದೇ ಮನೆತನದಲ್ಲಿ ಕೊಟ್ಟು ತಂದು ಮಾಡಿದ್ರೆ ಕೆಲವು ಕಾಯಿಲೆ ಜಾಸ್ತಿ ಆಗುತ್ತೆ. ನಿಮ್ಮೂರ ರೊಟ್ಟಿ ಒಲೆಯವನ ಮಗ ಇದಾನಲ್ಲ, ಅವನದು ಬೇರೆ, ಗರ್ಭದಲ್ಲಿ ಮೊದಲನೇ ದಿನವೇ ಒಂದು ಎಳೆ ಹೆಚ್ಚಿಗೆ ಸೇರಿಕೊಂಡು ಬಿಟ್ಟಿದೆ, ಯಾರ ತಪ್ಪೂ ಅಲ್ಲ. ಮೇಷ್ಟ್ರ ಮಗಳದು ಇನ್ನೊಂದು, ಹೆರಿಗೆ ಕಷ್ಟ ಆಗಿ ಉಸಿರು ಸಿಕ್ಕಿಲ್ಲ. ಆದ್ರೆ ಮಿಕ್ಕ ಒಂಬತ್ತು ಮಕ್ಕಳು ಒಂದೇ ಥರ ಇದಾವೆ. ಅದರಲ್ಲಿ ನಾಲ್ಕರ ತಾಯಂದಿರು ಹೊರಗಿಂದ ಬಂದೋರು. ನಿಮ್ಮೂರ ನೀರಲ್ಲಿ, ಮಣ್ಣಲ್ಲಿ, ಉಪ್ಪಲ್ಲಿ ಅಯೋಡಿನ್ ಇಲ್ಲ. ತಾಯಿಗೆ ಇಲ್ಲದ್ದು ಮಗುಗೆ ಎಲ್ಲಿಂದ ಬರಬೇಕು?"

ನಾವು ಆ ಮಕ್ಕಳಿಗೆಲ್ಲ ಒಂದೇ ಹೆಸರಿಟ್ಟಿದ್ದೆವು. ಕೆಟ್ಟ ರಕ್ತ ಎಂದುಬಿಟ್ಟರೆ ಮುಗಿಯಿತು, ಮತ್ತೆ ಯೋಚಿಸುವ ಕಷ್ಟವಿಲ್ಲ.

ನಿನ್ನ ಕುತ್ತಿಗೆ ನೆನಪಾಯಿತು ನನಗೆ. ಮದುವೆಯಲ್ಲಿ ನಿನ್ನ ಅಂಬರ್ ಮಣಿಯ ಸರ ಗಂಟಲಿಗೆ ಬಿಗಿಯಾಗಿ, ನಿಮ್ಮಮ್ಮ ಎರಡು ಸಲ ದಾರ ಉದ್ದ ಮಾಡಿ ಪೋಣಿಸಿದಳು. ನಮ್ಮೂರ ಹೆಣ್ಣುಗಳ ತುಂಬಿದ ಕುತ್ತಿಗೆ ಅಂದರೆ ಸುಮ್ಮನೆಯೇ? ಪಾರಿವಾಳದ ಕುತ್ತಿಗೆಯವಳು ಎಂದು ಕುಣಿತದಲ್ಲಿ ಎಲ್ಲರೆದುರು ನಿನ್ನನ್ನು ಹಾಡಿ ಹೊಗಳಿದವನು ನಾನೇ. ಅದೂ ಈ ಕೊರತೆಯ ಬಾವಂತೆ. ನಾನು ರೋಗಕ್ಕೆ ಪದ ಕಟ್ಟಿದ್ದೆ.

ಊರಿಗೆ ಹೋಗಿ ಅದೇ ಮಸೀದಿಯ ಮುಂದೆ ಎದ್ದು ನಿಂತು ಎಲ್ಲ ಹೇಳಿದೆ. ಈ ಸಲ ಯಾರೂ ನಗಲಿಲ್ಲ. "ಇವನ ಎರಡನೇದೂ ಹಂಗೇ ಹುಟ್ಟಿದ ಮೇಲೆ ತಲೆ ಕೆಟ್ಟಿದೆ" ಎಂದರು. "ಅಜ್ಜ ಮುತ್ತಜ್ಜ ಎಲ್ಲ ಇದೇ ಉಪ್ಪು ತಿಂದಿಲ್ವೇನೋ?" ಎಂದು ಕೇಳಿದರು. ತಿಂದರು, ಅದಕ್ಕೇ ನಮ್ಮಲ್ಲಿ ಪ್ರತಿ ಮನೆಯ ಜಗಲಿಯ ಮೇಲೂ ಒಬ್ಬರು ಕೂತೇ ಇರುತ್ತಿದ್ದರು ಎಂದೆ. ಅಲ್ಲಿಗೆ ನನ್ನ ಮಾತು ಮುಗಿಸಿದರು. ನಾನೇ ನಾಲ್ಕು ವರ್ಷದ ಹಿಂದೆ ಕಲಿಸಿಕೊಟ್ಟ ಮಾತು, ಸಂತಾನ ನಿಲ್ಲಿಸುವ ಮದ್ದು ಎಂಬ ಮಾತು, ಈಗ ಅವರ ಬಾಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ ನಾನೇ ಅತ್ತು ಕರೆದರೂ ಕದಲುತ್ತಿಲ್ಲ. ಅವ್ವ ನನ್ನ ಕೈಯಿಂದ ರೊಟ್ಟಿ ಈಸಿಕೊಳ್ಳುವುದನ್ನೂ ಬಿಟ್ಟಿದ್ದಾಳೆ.

ಊರು ಹಾಳಾಗಲಿ. ನನಗೆ ಈಗ ನಿನ್ನದೊಂದೇ ಚಿಂತೆ.

ಊಟೆಯ ಉಪ್ಪಿನಲ್ಲಿ ಮನೆತನದ ಹೆಣ್ಣುಮಕ್ಕಳಿಗೆ ಪಾಲಿದೆ, ಅವರು ಎಲ್ಲಿಗೆ ಮದುವೆಯಾಗಿ ಹೋದರೂ ಸುಗ್ಗಿಯ ನಂತರ ಅವರ ಚೀಲ ಅವರ ಮನೆ ಮುಟ್ಟಬೇಕು. ಹಾಗಾಗಿ ನಿನ್ನನ್ನು ಬಿಟ್ಟ ಮೇಲೂ ನಿನ್ನ ಪಾಲು ತಪ್ಪಿಸಲಿಲ್ಲ. ತಪ್ಪಿಸದೇ ಇದ್ದುದೇನು, ಹೆಚ್ಚೇ ಕಳಿಸಿದೆ. ಪಾತಿಯ ಮೊದಲ ಕೆನೆ, ಹೂವಿನಂಥ ಉಪ್ಪು, ಮಾರದೆ ತೆಗೆದಿಟ್ಟು ನಿನ್ನ ಚೀಲಕ್ಕೇ ತುಂಬುತ್ತಿದ್ದೆ. ನಿನ್ನ ಮುಂದೆ ಬಂದು ತಪ್ಪಾಯಿತು ಎನ್ನುವ ಮುಖವಿರಲಿಲ್ಲ, ಉಪ್ಪು ಕಳಿಸುವುದೊಂದೇ ನನಗೆ ಗೊತ್ತಿದ್ದ ದಾರಿ. ಪೇಟೆ ಉಪ್ಪು ನಾಲಿಗೆಗೇ ಹತ್ತುವುದಿಲ್ಲ, ಸೀಮೆಸುಣ್ಣ ತಿಂದಂತಿರುತ್ತದೆ ಎಂದು ನೀನು ಮೊಹಾನ ಹತ್ತಿರ ಹೇಳುತ್ತಿದ್ದೆಯಂತೆ. ಅದನ್ನು ಕೇಳಿ ನಾನು ಎಷ್ಟು ಹಿಗ್ಗಿದ್ದೆ! ಪಾಪಿ ನಾನು. ಇಷ್ಟು ದೊಡ್ಡ ಪೇಟೆಯಲ್ಲಿ, ಬೀದಿಗೆ ನಾಲ್ಕು ಅಂಗಡಿ ಇರುವಲ್ಲಿ ಬದುಕುತ್ತಿರುವ ನಿನ್ನನ್ನೂ ಬಿಡದೆ ಹುಡುಕಿ ಬೆಟ್ಟದಿಂದ ಅದನ್ನು ಕಳಿಸುತ್ತಿದ್ದೆ.

ಎಷ್ಟು ತಿಂಗಳು, ತೂದಾ? ಪರರ ಹೆಂಡತಿಯನ್ನು ಕೇಳುವ ಪ್ರಶ್ನೆಯಲ್ಲ. ಕ್ಷಮಿಸು ತಮ್ಮಾ ಸ್ಲಿಮಾನ್. ಆದರೆ ಎಷ್ಟು ತಿಂಗಳು? ಮೊದಲ ತಿಂಗಳುಗಳೇ ಮುಖ್ಯ ಎಂದಳು ಕೌತರ್. ಹೊಟ್ಟೆ ಕಾಣಿಸುತ್ತದೆ ಎಂದ ಮೊಹಾ. ನಾನು ಬರುವಾಗ ದಾರಿಯುದ್ದಕ್ಕೂ ಬೆರಳು ಮಡಿಸಿ ಎಣಿಸಿದೆ, ನಾಲ್ಕೆಂದು ಒಮ್ಮೆ, ಆರೆಂದು ಒಮ್ಮೆ. ದಾರಿಯಲ್ಲಿ ಆಸ್ಪತ್ರೆಗೆ ಹೋಗಿ, ತಡವಾಗಿಬಿಟ್ಟಿದೆಯೇ ಎಂದು ಕೇಳಿದರೆ ಆ ಹುಡುಗಿ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಅಣ್ಣ. ಆದ್ರೆ ಇವತ್ತು ನಿಲ್ಲಿಸಿದ್ರೆ ನಾಳೆ ನಿಲ್ಲಿಸೋದಕ್ಕಿಂತ ಒಳ್ಳೇದು. ಮೊದಲು ಅವರನ್ನ ಇಲ್ಲಿಗೆ ಕರ್ಕೊಂಡು ಬರೋಕೆ ಹೇಳಿ, ಕ್ಯಾಪ್ಸೂಲ್ ಇದೆ, ರಕ್ತ ನೋಡ್ತೀನಿ." ಅದಕ್ಕೇ ಬಂದೆ. ಬೆಳಿಗ್ಗೆಯೇ ಬಂದೆ. ನಿಮ್ಮ ಓಣಿಯ ತಿರುವಿನವರೆಗೂ ಬಂದೆ. ನೀನು ಬಾಗಿಲಿಗೆ ಬಂದು ಹೊಸಿಲಲ್ಲಿ ಒಂದು ಚಿಟಿಕೆ ಉಪ್ಪು ಚೆಲ್ಲಿದೆ, ಜಿನ್ನು ಒಳಗೆ ಬಾರದಿರಲೆಂದು, ನಮ್ಮೂರಲ್ಲಿ ಬಸುರಿಯರು ಮಾಡುವಂತೆಯೇ. ನನ್ನ ಉಪ್ಪು. ಕೂಗಬೇಕೆಂದುಕೊಂಡೆ. ಗಂಡ ಮನೆಯಲ್ಲಿಲ್ಲದಾಗ ನಾನು ಬಾಗಿಲು ಬಡಿದರೆ ನಿನ್ನ ಹೆಸರು ಏನಾಗುತ್ತದೆ? ಒಮ್ಮೆ ಕೆಡಿಸಿದ್ದು ಸಾಲದೇ? ತಿರುಗಿ ಬಂದು ಇಲ್ಲಿ ಕೂತೆ.

ಬಾಗಿಲಿಗೆ ಬೇಕಾದರೆ ಚೆಲ್ಲಿಕೋ. ತೊಟ್ಟಿಲ ಕೆಳಗೆ ಇಟ್ಟುಕೋ. ಜಿನ್ನು ಓಡಿಸಲು ಅದು ಸಾಕು. ಬಾಯಿಗೆ ಮಾತ್ರ ಬೇಡ.

ಇಝ್ಝಾ ಹೇಗಿದ್ದಾಳೆಂದು ನೀನು ಕೇಳುವ ಮೊದಲೇ ಹೇಳಬೇಕಿತ್ತು. ಹದಿಮೂರು ತುಂಬಿತು, ಎತ್ತರ ಆರು ವರ್ಷದವಳದು. ನೀನು ಮರುಮದುವೆಯಾಗುವಾಗ ಅವಳನ್ನು ನನ್ನ ಬಾಗಿಲಲ್ಲಿ ಬಿಟ್ಟು ಹೋದೆಯಲ್ಲ, ಅಂದು ಅವಳ ಹೆಗಲ ಮೇಲಿದ್ದ ನಿನ್ನ ಕೆಂಪು ಶಾಲನ್ನು ಈಗಲೂ ಬಿಡುವುದಿಲ್ಲ. ಒಗೆಯಲು ಕೊಡುವುದಿಲ್ಲ, ಮೂಸುತ್ತಾಳೆ. ಹೇಸರಗತ್ತೆ ಕಿವಿ ಒದರಿದರೆ ಇವತ್ತಿಗೂ ಬಿದ್ದು ಬಿದ್ದು ನಗುತ್ತಾಳೆ. ಪಾತಿಯ ಅಂಚಿನಲ್ಲಿ ಕೂತು ಒಣಗಿದ ಉಪ್ಪನ್ನು ಅಂಗೈಯಿಂದ ಸವರಿ ಸವರಿ ನುಣುಪು ಮಾಡುತ್ತಾಳೆ, ನಾನು ಹಲಗೆಯಲ್ಲಿ ಎಳೆದರೂ ಅಷ್ಟು ಸಮ ಬರುವುದಿಲ್ಲ. ಯಾಮ್ನಾ ಅವಳ ಕೂದಲು ಬಾಚುತ್ತಾಳೆ, ಹೊಡೆಯುವುದಿಲ್ಲ. ಈ ಕಾಗದ ಕೇಳಿ ಮಗಳನ್ನು ಕೆಟ್ಟುಹೋದ ಅಡುಗೆಯಂತೆ ನೆನೆಯಬೇಡ. ಅವಳು ತಪ್ಪಲ್ಲ, ತಪ್ಪು ನನ್ನದು, ಎರಡನ್ನೂ ಬೇರೆ ಬೇರೆ ಇಡು. ಆದರೆ ಅವಳು ಬಾಯಿಬಿಟ್ಟು ಒಂದು ಸಲ ನನ್ನನ್ನು ಬೈದಿದ್ದರೆ ಎಂದು ಹಂಬಲಿಸುತ್ತೇನೆ. ಅವಳಿಗೆ ಅದೂ ಬರುವುದಿಲ್ಲ. ಹಮ್ಮುಗೆ ದಿನವೂ ಮಾತ್ರೆ ಕೊಡುತ್ತಿದ್ದೇವೆ. ಈಗ ಕತ್ತು ನಿಲ್ಲಿಸುತ್ತಾನೆ, ಅಳುತ್ತಾನೆ. ಅವನು ಮೊದಲ ಸಲ ಹೊಟ್ಟೆ ಹಸಿದು ಗೋಳಾಡಿದಾಗ ಯಾಮ್ನಾಳೂ ನಾನೂ ಕೂತು ಅತ್ತೆವು. ಇಝ್ಝಾಗೆ ಮಾತ್ರೆಯಿಂದ ಮೈ ಬೆಚ್ಚಗಾಗುತ್ತದೆ, ಅಷ್ಟೇ ಎಂದಿದ್ದಾರೆ. ಹದಿಮೂರು ವರ್ಷ ಹಿಂದಕ್ಕೆ ಕೊಡುವ ಮಾತ್ರೆ ಇಲ್ಲ.

ನನ್ನನ್ನು ಕ್ಷಮಿಸು ಎಂದು ಬರೆಯಲು ಎರಡು ಸಲ ಪೆನ್ನು ಇಟ್ಟೆ, ಎರಡು ಸಲ ತೆಗೆದೆ. ಬೇಡ. ಕ್ಷಮಿಸಬೇಡ. ನನ್ನ ಮೇಲಿನ ಸಿಟ್ಟಿಗಾದರೂ ಆ ಮಡಕೆಯನ್ನು ಒಡೆದು ಹಾಕು. ಒಂದು ಹಟ ಮಾತ್ರ ಮಾಡಬೇಡ: ಇವನು ನನ್ನನ್ನು ರಕ್ತ ಕೆಟ್ಟವಳು ಎಂದ, ಈಗ ನನ್ನ ಪಾಲಿನ ಉಪ್ಪನ್ನೂ ಕಸಿಯಲು ಬಂದಿದ್ದಾನೆ, ಅದಕ್ಕೇ ತಿಂದೇ ತಿನ್ನುತ್ತೇನೆ ಎಂದು. ನೀನು ಹಟಮಾರಿ, ನಮ್ಮ ಮನೆತನದವಳಲ್ಲವೇ. ನನ್ನ ಮಾತು ನಂಬದಿದ್ದರೆ ಬಿಡು. ಕೌತರ್‌ಳ ಕಾಲು ಹಿಡಿದು ಆ ಸೀಸೆ ಬೇಡಿ ತಂದಿದ್ದೇನೆ, ಕಾಗದದ ಜೊತೆ ಇದೆ. ತಟ್ಟೆಯಲ್ಲಿ ನನ್ನ ಉಪ್ಪು ಹಾಕಿ ಹನಿ ಬಿಡು. ಪಕ್ಕದಲ್ಲಿ ಈ ಪೊಟ್ಟಣದ್ದು ಹಾಕಿ ಹನಿ ಬಿಡು. ನಿನ್ನ ಕಣ್ಣಿಂದಲೇ ನೋಡು.

ಹೌದು, ಪೊಟ್ಟಣ. ನೀನು ಉಪ್ಪು ಕೇಳಿ ಕಳಿಸಿದ್ದೆಯಲ್ಲ, ಇಬ್ಬರಿಗಾಗುವಷ್ಟು. ತಂದಿದ್ದೇನೆ. ಏಳು ತಲೆಮಾರಿನಿಂದ ಉಪ್ಪು ತೆಗೆದ ಮನೆಯವನು ಇವತ್ತು ಬೆಳಿಗ್ಗೆ ಮೂಲೆಯ ಅಂಗಡಿಯ ಮುಂದೆ ಸರದಿಯಲ್ಲಿ ನಿಂತು, ಜೀವಮಾನದಲ್ಲಿ ಮೊದಲ ಸಲ, ಉಪ್ಪು ಕೊಂಡೆ. ಅಂಗಡಿಯವನು ನನ್ನ ಒಡೆದ ಅಂಗೈ ನೋಡಿ, "ಬೆಟ್ಟದವನಲ್ವಾ ನೀನು, ನಿನಗ್ಯಾಕಪ್ಪ ಇದು?" ಎಂದು ನಕ್ಕ. ನಾನೂ ನಕ್ಕೆ. ಇನ್ನು ಮೇಲೆ ಪ್ರತಿ ಸುಗ್ಗಿಗೂ ನಿನಗೆ ಬರುವ ಹೆಣ್ಣುಮಕ್ಕಳ ಪಾಲು ಇದೇ. ನಾನು ಬದುಕಿರುವವರೆಗೆ ತಪ್ಪಿಸುವುದಿಲ್ಲ.

ನಿನ್ನ ಗಂಡ ಸೂಜಿ ಕೆಳಗಿಟ್ಟು ಏಳುತ್ತಿದ್ದಾನೆ, ಅಂಗಡಿ ಮುಚ್ಚುವ ಮೊದಲು ಹೋಗಿ ಕೊಡಬೇಕು. ಬಾಗಿಲಲ್ಲಿ ನಿಂತು ನೀನು ಕೇಳಿದ ಪ್ರಶ್ನೆಗೆ ಒಂಬತ್ತು ವರ್ಷದ ಮೇಲೆ ಉತ್ತರ ಕೊಟ್ಟು ಏಳುತ್ತೇನೆ: ನಿನ್ನ ರಕ್ತದಲ್ಲಿ ಯಾವ ದೋಷವೂ ಇರಲಿಲ್ಲ, ತೂದಾ.

ನಿನ್ನ ಮಗು ಹುಟ್ಟಿದ ಗಳಿಗೆಯಲ್ಲೇ ಓಣಿಯ ಕೊನೆಯವರೆಗೂ ಕೇಳುವಂತೆ ಅಳಲಿ. ಅಲ್ಲಾಹನು ಅದಕ್ಕೆ ಜೋರಾದ ಅಳು ಕೊಡಲಿ.

ನಿನ್ನ ದೊಡ್ಡಪ್ಪನ ಮಗ,
ಅಸ್ಸು